ಹಳೆಯ ತೈಲಬಾವಿಗಳ ನಡುವೆ ಕಲಿತದ್ದು

ತೈಲಕ್ಷೇತ್ರವೊಂದು ಬತ್ತುತ್ತಿದೆ ಎಂದು ಸುದ್ದಿ ಬಂದರೆ ಅಲ್ಲಿ ಎಣ್ಣೆ ಮುಗಿಯಿತು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಮುಗಿದಿರುವುದಿಲ್ಲ. ಜಗತ್ತಿನ ಸರಾಸರಿ ಹಿಡಿದರೆ, ನೆಲದಡಿಯ ಕಲ್ಲಿನಲ್ಲಿದ್ದ ಎಣ್ಣೆಯಲ್ಲಿ ಮೇಲಕ್ಕೆ ಬರುವುದು ಸುಮಾರು ಮೂರನೇ ಒಂದು ಪಾಲು. ಉಳಿದ ಎರಡು ಪಾಲು ಕೂದಲೆಳೆಗಿಂತ ಸಣ್ಣ ರಂಧ್ರಗಳಲ್ಲಿ, ಬಾವಿ ಮುಟ್ಟದ ಮೂಲೆಗಳಲ್ಲಿ, ತೆಳು ಪದರಗಳಲ್ಲಿ ಹಾಗೇ ಇರುತ್ತದೆ. ಭಾರತ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಮಂಗಳೂರಿನಲ್ಲೂ ಉಡುಪಿಯ ಪಾದೂರಿನಲ್ಲೂ ಬಂಡೆ ಕೊರೆದು ಆಪತ್ಕಾಲಕ್ಕೆಂದು ತೈಲ ತುಂಬಿಟ್ಟಿರುವುದು ಈ ಅವಲಂಬನೆಯಿಂದಾಗಿಯೇ. ಇನ್ನೊಂದೆಡೆ, ನಮ್ಮದೇ ತೈಲಕ್ಷೇತ್ರಗಳ ಪಟ್ಟಿ ನೋಡಿದರೆ ಹೆಸರುಗಳೆಲ್ಲ ಹಳೆಯವು: 1889ರ ಡಿಗ್ಬಾಯ್, 1953ರ ನಹರ್‌ಕಟಿಯಾ, 1960ರ ಅಂಕಲೇಶ್ವರ, 1974ರ ಮುಂಬೈ ಹೈ. ಹೊಸ ಕ್ಷೇತ್ರ ಸಿಕ್ಕರೆ ಸಂತೋಷವೇ. ಆದರೆ ಮುಂದಿನ ಇಪ್ಪತ್ತು ವರ್ಷ ನಮಗೆ ಎಣ್ಣೆ ಕೊಡಬೇಕಾದದ್ದು ಬಹುಪಾಲು ಈ ಹಳೆಯವೇ.

ಉತ್ತರ ಗುಜರಾತಿನ ಸಾಸಿವೆ, ಜೀರಿಗೆ, ಹರಳು ಹೊಲಗಳ ನಡುವೆ ನಿಂತ ಪಂಪುಗಳ ಬಳಿ ನಾನು ಈ ಕೆಲಸ ಕಲಿತೆ. ಆಮೇಲೆ ರಿಸರ್ವಾಯರ್ ವಿಭಾಗಕ್ಕೆ ಬಂದು ಕಡಲ ಕ್ಷೇತ್ರಗಳ ಲೆಕ್ಕವನ್ನೂ ನೋಡಿದೆ. ಈಗ ಕೆಲಸಕ್ಕೆ ಸೇರುತ್ತಿರುವ ನಮ್ಮ ಹುಡುಗ ಹುಡುಗಿಯರಿಗಾಗಿ, ಕ್ಷೇತ್ರದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದನ್ನು ಬರೆದಿಡುತ್ತಿದ್ದೇನೆ.

1. ಮೊದಲು ಪ್ರತಿ ಬಾವಿಯನ್ನೂ ಅಳೆಯಿರಿ

ಹತ್ತಾರು ಬಾವಿಗಳ ಎಣ್ಣೆ, ನೀರು, ಗ್ಯಾಸ್ ಎಲ್ಲವೂ ಜಿಜಿಎಸ್‌ಗೆ, ಅಂದರೆ ಗ್ರೂಪ್ ಗ್ಯಾದರಿಂಗ್ ಸ್ಟೇಷನ್‌ಗೆ ಬಂದು ಸೇರುತ್ತವೆ. ಅಲ್ಲಿ ದಿನದ ಒಟ್ಟು ಮೊತ್ತ ಸರಿಯಾಗಿಯೇ ಗೊತ್ತಾಗುತ್ತದೆ. ಹಣದ ಲೆಕ್ಕ ಅದರ ಮೇಲೆ ನಿಂತಿರುವುದರಿಂದ ಆ ಮೀಟರನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಯಾವ ಬಾವಿ ಎಷ್ಟು ಕೊಟ್ಟಿತು ಎನ್ನುವುದು ಬೇರೆ ಮಾತು. ಒಂದೊಂದೇ ಬಾವಿಯನ್ನು ಟೆಸ್ಟ್ ಸೆಪರೇಟರ್‌ಗೆ ತಿರುಗಿಸಿ ಕೆಲವು ಗಂಟೆ ಅಳೆದು, ಆ ಅಂಕಿಗಳ ಅನುಪಾತದಲ್ಲಿ ಒಟ್ಟು ಮೊತ್ತವನ್ನು ಹಂಚುತ್ತಾರೆ. ಕ್ಷೇತ್ರ ಹಳೆಯದಾದಂತೆ ಟೆಸ್ಟ್ ಸೆಪರೇಟರ್‌ನ ವಾಲ್ವ್ ಸೋರುತ್ತದೆ, ಮೀಟರ್‌ನಲ್ಲಿ ಮೇಣ ಕಟ್ಟುತ್ತದೆ, ಸಿಬ್ಬಂದಿ ಕಡಿಮೆಯಾಗುತ್ತಾರೆ, ಪರೀಕ್ಷೆಯ ಅಂತರ ಹೆಚ್ಚುತ್ತದೆ. ಕಡೆಗೆ ಎಷ್ಟೋ ಬಾವಿಗಳ ಹೆಸರಿನ ಮುಂದಿರುವ ಅಂಕಿ ವರ್ಷದ ಹಿಂದಿನದಾಗಿರುತ್ತದೆ.

ಇಂಥ ಅಂಕಿಗಳನ್ನು ಕಂಪ್ಯೂಟರ್ ಮಾದರಿಗೆ ಉಣಿಸಿದರೆ ಬಣ್ಣಬಣ್ಣದ ನಕ್ಷೆ ಬರುತ್ತದೆ, ಎಣ್ಣೆ ಬರುವುದಿಲ್ಲ. ಹಳೆಯ ಕ್ಷೇತ್ರದ ಹೊಣೆ ಹೊತ್ತವರು ಮೊದಲ ಆರು ತಿಂಗಳು ಯಾವ ಹೊಸ ಯೋಜನೆಯನ್ನೂ ಮುಟ್ಟದೆ ಟೆಸ್ಟ್ ಸೆಪರೇಟರ್‌ಗಳನ್ನು ರಿಪೇರಿ ಮಾಡಿಸಿ, ಎಲ್ಲ ಬಾವಿಗಳ ಪರೀಕ್ಷೆ ಒಂದು ಸುತ್ತು ಮುಗಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ನೀರಿನ ಪಾಲು ಅಳೆಯುವಾಗ ಬೆಳಗಿನ ಒಂದೇ ಬಾಟಲಿಯನ್ನು ನಂಬಬೇಡಿ. ಬಾವಿ ಎಣ್ಣೆಯನ್ನೂ ನೀರನ್ನೂ ಒಂದರ ಹಿಂದೊಂದು ಗಡ್ಡೆಗಡ್ಡೆಯಾಗಿ ಕಕ್ಕುತ್ತದೆ. ಹತ್ತು ನಿಮಿಷದ ಅಂತರದಲ್ಲಿ ತೆಗೆದ ಎರಡು ಮಾದರಿಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣಬಹುದು. ಜೊತೆಗೆ ತಳದ ಒತ್ತಡ. ಒತ್ತಡ ಅಳೆಯಲು ಬಾವಿಯನ್ನು ಕೆಲವು ದಿನ ಮುಚ್ಚಬೇಕಾಗುತ್ತದೆ, ಉತ್ಪಾದನೆಯ ಗುರಿ ತಪ್ಪುತ್ತದೆ ಎಂದು ಮೇಲಿನವರು ಬೇಡವೆನ್ನುತ್ತಾರೆ. ಅವರೊಡನೆ ವಾದಿಸಿ. ಕಲ್ಲಿನೊಳಗೆ ಏನಾಗುತ್ತಿದೆ ಎಂದು ನೇರವಾಗಿ ತಿಳಿಸುವ ಅಳತೆ ಅದೊಂದೇ.

2. ಎಣ್ಣೆ ಏಕೆ ಉಳಿದಿದೆ ಎಂದು ಮೊದಲು ತಿಳಿಯಿರಿ

ಉಳಿದ ಎಣ್ಣೆಗೆಲ್ಲ ಒಂದೇ ಕಾರಣವಿಲ್ಲ. ಕೆಲವು ಕಡೆ ನೀರು ಹಾದುಹೋದ ಮೇಲೂ ರಂಧ್ರಗಳಲ್ಲಿ ಹನಿಗಳು ಮೇಲ್ಮೈ ಎಳೆತಕ್ಕೆ ಸಿಕ್ಕಿ ನಿಂತಿರುತ್ತವೆ. ಕೆಲವು ಕಡೆ ನೀರು ಸಲೀಸಾದ ಪದರವನ್ನು ಹಿಡಿದು ಓಡಿ, ಪಕ್ಕದ ಬಿಗಿ ಪದರವನ್ನು ಮುಟ್ಟಿಯೇ ಇರುವುದಿಲ್ಲ. ಇನ್ನು ಕೆಲವು ಕಡೆ ಎರಡು ಬಾವಿಗಳ ನಡುವೆ ಸ್ತರಭಂಗವೊಂದು ಅಡ್ಡ ನಿಂತು, ಒಂದು ತುಂಡು ಪೂರ್ತಿ ಪ್ರತ್ಯೇಕವಾಗಿ ಕುಳಿತಿರುತ್ತದೆ. ಎಣ್ಣೆಯೇ ಮಂದವಾಗಿದ್ದು ಹರಿಯಲಾರದೆ ಉಳಿದಿರುವುದೂ ಉಂಟು.

ಮೊದಲನೆಯದಕ್ಕೆ ರಸಾಯನ ಅಥವಾ ಗ್ಯಾಸ್ ಬೇಕು. ಎರಡನೆಯದಕ್ಕೆ ಪದರ ನೋಡಿ ಮುಚ್ಚುವ, ತೆರೆಯುವ ಕೆಲಸ ಸಾಕು. ಮೂರನೆಯದಕ್ಕೆ ಹೊಸ ಬಾವಿಯೇ ದಾರಿ. ನಾಲ್ಕನೆಯದಕ್ಕೆ ಶಾಖ. ರೋಗ ತಿಳಿಯದೆ ಪಾಲಿಮರ್ ಹಾಕಿದರೆ ಅದೂ ನೀರು ಹೋದ ದಾರಿಯಲ್ಲೇ ಹೋಗುತ್ತದೆ. ಮುಂಬೈ ಹೈನ ಮುಖ್ಯ ತೈಲಶಿಲೆ ಎಲ್-3 ಎಂಬ ಸುಣ್ಣಕಲ್ಲು. ಅದು ಒಂದೇ ದಪ್ಪ ಬಂಡೆಯಾಗಿರದೆ, ಜೇಡಿಪದರಗಳು ನಡುವೆ ಬಂದು ಬೇರ್ಪಡಿಸಿದ ಹಲವು ತೆಳು ಪದರಗಳ ಕಟ್ಟು. ಮೇಲೆ ಗ್ಯಾಸಿನ ಟೋಪಿಯೂ ಇದೆ. 1976ರಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು, 1984ರಲ್ಲಿ ನೀರು ತುಂಬುವುದು ಆರಂಭವಾಯಿತು, ಎಂಬತ್ತರ ದಶಕದ ಕೊನೆಗೆ ಉತ್ಪಾದನೆ ಶಿಖರ ಮುಟ್ಟಿ ಇಳಿಯತೊಡಗಿತು. 2000ದ ಸುಮಾರಿಗೆ ಮರುಅಭಿವೃದ್ಧಿ ಕೈಗೆತ್ತಿಕೊಂಡಾಗ ಮುಖ್ಯ ಅಸ್ತ್ರವಾಗಿದ್ದದ್ದು ರಸಾಯನವಲ್ಲ. ಬಾವಿಗಳ ನಡುವೆ ಹೊಸ ಬಾವಿಗಳು, ಹಳೆಯ ಬಾವಿಗಳ ಬದಿಯಿಂದ ತೆಗೆದ ಕವಲುಗಳು, ತೆಳು ಪದರದೊಳಗೇ ಅಡ್ಡಡ್ಡ ಸಾಗುವ ಸಮತಲ ಬಾವಿಗಳು. ಅಲ್ಲಿ ಹೆಚ್ಚಿನ ಎಣ್ಣೆ ಉಳಿದದ್ದು ನೀರು ಮುಟ್ಟದ ಜಾಗಗಳಲ್ಲಿ, ಹಾಗಾಗಿ ಮದ್ದೂ ಅದಕ್ಕೆ ತಕ್ಕುದೇ ಆಗಿತ್ತು.

3. ಹಳೆಯ ಕ್ಷೇತ್ರದ ಕೆಲಸದಲ್ಲಿ ಮುಕ್ಕಾಲು ಪಾಲು ನೀರಿನ ಕೆಲಸ

ನೀರಿನಿಂದ ಎಣ್ಣೆ ತಳ್ಳಬಹುದು ಎಂಬ ಅರಿವು ಬಂದದ್ದು ಅಕಸ್ಮಾತ್ತಾಗಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಳುಬಿದ್ದ ಬಾವಿಗಳೊಳಗೆ ನೀರು ಇಳಿದು ಅಕ್ಕಪಕ್ಕದ ಬಾವಿಗಳಲ್ಲಿ ಎಣ್ಣೆ ಹೆಚ್ಚುವುದುಂಟು ಎಂದು ಜಾನ್ ಕಾರ್ಲ್ ಎಂಬ ಭೂವಿಜ್ಞಾನಿ 1880ರಲ್ಲೇ ಬರೆದಿದ್ದರು. ನೀರು ಬಿಟ್ಟರೆ ಕ್ಷೇತ್ರ ಹಾಳಾಗುತ್ತದೆ ಎಂಬ ಭಯದಿಂದ ಅಲ್ಲಿನ ಕಾನೂನು ಅದನ್ನು ತಡೆದಿತ್ತು. 1921ರಲ್ಲಿ ಅನುಮತಿ ಸಿಕ್ಕ ಮೇಲೆ ಬ್ರಾಡ್‌ಫರ್ಡ್ ಕ್ಷೇತ್ರ ಮತ್ತೆ ಚೇತರಿಸಿಕೊಂಡಿತು. ನೀರು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ನಾನು ಸದಾ ಕೊಡುವ ಉದಾಹರಣೆ ನಾರ್ವೆಯ ಎಕೊಫಿಸ್ಕ್. 1969ರಲ್ಲಿ ಸಿಕ್ಕ ಆ ಸೀಮೆಸುಣ್ಣದ ಕಲ್ಲಿನ ಕ್ಷೇತ್ರದಿಂದ ಮೊದಲು ನಿರೀಕ್ಷಿಸಿದ್ದು ಶೇ. 17ರಷ್ಟು ಎಣ್ಣೆ. 1987ರಿಂದ ದೊಡ್ಡ ಪ್ರಮಾಣದಲ್ಲಿ ಸಮುದ್ರದ ನೀರು ತುಂಬಿದರು. ಈಗಿನ ನಿರೀಕ್ಷೆ ಶೇ. 50 ದಾಟಿದೆ. ಒತ್ತಡ ಇಳಿದು ಕಲ್ಲು ಕುಸಿದು ಕಡಲತಳವೇ ಕೆಳಗಿಳಿದಿದ್ದರಿಂದ ಅದೇ 1987ರಲ್ಲಿ ಅಲ್ಲಿನ ಉಕ್ಕಿನ ವೇದಿಕೆಗಳನ್ನು ಆರು ಮೀಟರ್ ಎತ್ತಬೇಕಾಯಿತು ಎಂಬುದನ್ನೂ ಮರೆಯಬಾರದು.

ನೀರು ತುಂಬುವಾಗ ಎಲ್ಲರೂ ಕೇಳುವುದು ದಿನಕ್ಕೆ ಎಷ್ಟು ಘನಮೀಟರ್ ಹಾಕಿದಿರಿ ಎಂದು. ಯಾವ ಪದರಕ್ಕೆ ಹೋಯಿತು ಎಂದು ಕೇಳುವವರು ಕಡಿಮೆ. ಗದ್ದೆಗೆ ಬಿಟ್ಟ ನೀರು ಬದುವಿನ ಏಡಿತೂತು ಹಿಡಿದು ಕೆಳಗಿನ ಹಳ್ಳ ಸೇರಿದರೆ ಆಚೆ ಮಡಿ ಒಣಗುವಂತೆ, ಬಾವಿಗೆ ಒತ್ತಿದ ನೀರೂ ಒಂದು ಸಡಿಲ ಪದರ ಹಿಡಿದು ನೇರ ಉತ್ಪಾದನಾ ಬಾವಿಗೆ ಬಂದುಬಿಡುತ್ತದೆ. ತೆಗೆದಷ್ಟು ಗಾತ್ರವನ್ನು ತುಂಬಿದ್ದೇವೆ ಎಂದು ಇಡೀ ಕ್ಷೇತ್ರದ ಲೆಕ್ಕ ಹೇಳುತ್ತಿರುತ್ತದೆ, ಆದರೆ ಒಂದು ಪದರಕ್ಕೆ ಎರಡು ಪಟ್ಟು ಹೋಗಿ ಇನ್ನೊಂದಕ್ಕೆ ಏನೂ ಸಿಕ್ಕಿರುವುದಿಲ್ಲ. ಆದ್ದರಿಂದ ಲೆಕ್ಕವನ್ನು ಪದರವಾರು, ಬ್ಲಾಕ್‌ವಾರು ಬರೆಯಿರಿ. ಇಂಜೆಕ್ಷನ್ ಬಾವಿಯಲ್ಲಿ ವರ್ಷಕ್ಕೊಮ್ಮೆಯಾದರೂ ಹರಿವು ಅಳೆಯುವ ಸ್ಪಿನ್ನರ್ ಇಳಿಸಿ ಯಾವ ಆಳದಲ್ಲಿ ಎಷ್ಟು ನೀರು ಹೊರಟಿತು ಎಂದು ನೋಡಿ. ನೀರಿಗೆ ಗುರುತಿನ ವಸ್ತು, ಅಂದರೆ ಟ್ರೇಸರ್ ಹಾಕಿ, ಅದು ಯಾವ ಬಾವಿಯಲ್ಲಿ ಎಷ್ಟು ದಿನಕ್ಕೆ ಹೊರಬರುತ್ತದೆಂದು ಕಾಯಿರಿ.

ಉತ್ಪಾದನಾ ಬಾವಿಗೆ ನೀರು ಬಂದಾಗ ಅದು ಬಂದದ್ದೆಲ್ಲಿಂದ ಎಂಬುದು ಎರಡನೇ ಪ್ರಶ್ನೆ. ಕೆಳಗಿನ ನೀರು ಕೋನಿನಂತೆ ಮೇಲೆದ್ದಿರಬಹುದು, ಪದರದೊಳಗೆ ಕಾಲುವೆ ಮಾಡಿಕೊಂಡು ಹರಿದು ಬಂದಿರಬಹುದು, ಬಾವಿಯ ಹೊರಕೊಳವೆಯಾದ ಕೇಸಿಂಗ್‌ನ ಹಿಂದಿನ ಸಿಮೆಂಟ್ ಒಡೆದು ಬೇರೆ ಪದರದ ನೀರು ಇಳಿದಿರಬಹುದು. ಕೋನ್ ಆಗಿದ್ದರೆ ಬಾವಿಯನ್ನು ನಿಧಾನ ಓಡಿಸುವುದೇ ಮದ್ದು. ಸಿಮೆಂಟ್ ಒಡೆದಿದ್ದರೆ ಹೊಸ ಸಿಮೆಂಟ್ ಒತ್ತಿ, ಅಂದರೆ ಸ್ಕ್ವೀಜ್ ಮಾಡಿ ಮುಚ್ಚಬಹುದು. ಪದರದೊಳಗಿನ ಬಿರುಕಾದರೆ ಜೆಲ್ ಬೇಕಾಗಬಹುದು. ನೀರು ಮತ್ತು ಎಣ್ಣೆಯ ಅನುಪಾತವನ್ನೂ ಅದು ಏರುವ ವೇಗವನ್ನೂ ಒಟ್ಟಿಗೆ ಲಾಗ್ ಹಾಳೆಯ ಮೇಲೆ ಬಿಡಿಸಿದರೆ ಕೋನ್ ಯಾವುದು, ಕಾಲುವೆ ಯಾವುದು ಎಂದು ಗುರುತಿಸಲು ಸಹಾಯವಾಗುತ್ತದೆ ಎಂದು ಚಾನ್ ಎಂಬವರು 1995ರಲ್ಲಿ ತೋರಿಸಿದರು. ಅದೊಂದನ್ನೇ ನಂಬಿ ರಿಗ್ ಕರೆಸಬಾರದು, ಆದರೆ ಹಳೆಯ ದಾಖಲೆಗಳಿಂದ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೆಲಸ ಅದು.

ಬಾವಿಯಲ್ಲಿ ಶೇ. 90 ನೀರಿದ್ದರೆ ಒಂದು ಪೀಪಾಯಿ ಎಣ್ಣೆಗೆ ಒಂಬತ್ತು ಪೀಪಾಯಿ ನೀರು ಎತ್ತಬೇಕು. ಶೇ. 95 ಆದರೆ ಹತ್ತೊಂಬತ್ತು. ಐದೇ ಅಂಕ ಏರಿತು, ಕೆಲಸ ಇಮ್ಮಡಿಯಾಯಿತು. ಆ ನೀರನ್ನು ಎತ್ತಬೇಕು, ಬೇರ್ಪಡಿಸಬೇಕು, ಶುದ್ಧ ಮಾಡಬೇಕು, ಮತ್ತೆ ಒತ್ತಬೇಕು; ನಾಲ್ಕು ಕಡೆಯೂ ವಿದ್ಯುತ್ ಸುಡುತ್ತದೆ. ಕ್ಷೇತ್ರದ ಅತಿ ಕೆಟ್ಟ ಕೆಲವು ಬಾವಿಗಳನ್ನು ಮುಚ್ಚಿದಾಗ ಜಿಜಿಎಸ್‌ನ ಒತ್ತಡ ಇಳಿದು ಉಳಿದ ಬಾವಿಗಳ ಹರಿವು ಹೆಚ್ಚುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಒತ್ತುವ ನೀರಿನ ಗುಣದ ಬಗ್ಗೆ ಒಂದು ಮಾತು. ಆಮ್ಲಜನಕ ಉಳಿದರೆ ಕೊಳವೆ ತುಕ್ಕು ಹಿಡಿಯುತ್ತದೆ. ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಸೇರಿದರೆ ಸಿಹಿಯಾಗಿದ್ದ ಕ್ಷೇತ್ರ ಹೈಡ್ರೋಜನ್ ಸಲ್ಫೈಡ್ ಕಾರತೊಡಗುತ್ತದೆ, ಅದು ಪ್ರಾಣಕ್ಕೇ ಅಪಾಯ. ಸಮುದ್ರದ ನೀರಿನ ಸಲ್ಫೇಟ್, ಕಲ್ಲಿನ ನೀರಿನ ಬೇರಿಯಂ ಜೊತೆ ಕೂಡಿದರೆ ಆಮ್ಲಕ್ಕೂ ಕರಗದ ಗಟ್ಟಿ ಪದರ ಕೊಳವೆಯೊಳಗೆ ಕಟ್ಟುತ್ತದೆ. ಫಿಲ್ಟರ್ ಖರ್ಚು ಉಳಿಸಿದ ಕ್ಷೇತ್ರಗಳು ಅದರ ಹಲವು ಪಟ್ಟನ್ನು ವರ್ಕೋವರ್‌ಗೆ, ಅಂದರೆ ಬಾವಿ ರಿಪೇರಿಗೆ ಕಟ್ಟುತ್ತವೆ.

4. ಪಂಪಿನ ಚಿತ್ರ ಓದಲು ಕಲಿಯಿರಿ

ಸಕರ್ ರಾಡ್ ಪಂಪಿಗೆ ಡೈನಮೋಮೀಟರ್ ಕಟ್ಟಿದರೆ ಒಂದು ಸುತ್ತಿನಲ್ಲಿ ರಾಡಿನ ಮೇಲೆ ಬಿದ್ದ ಭಾರದ ಚಿತ್ರ ಸಿಗುತ್ತದೆ. ನಾವು ಅದಕ್ಕೆ ಡೈನೋ ಕಾರ್ಡ್ ಎನ್ನುತ್ತೇವೆ. ಅದರ ಆಕಾರ ನೋಡಿ ಪಂಪ್ ಅರ್ಧ ತುಂಬಿದೆಯೇ, ಗ್ಯಾಸ್ ಹಿಡಿದಿದೆಯೇ, ವಾಲ್ವ್ ಸೋರುತ್ತಿದೆಯೇ, ರಾಡ್ ತುಂಡಾಗಿದೆಯೇ ಎಂದು ಹೇಳಬಹುದು. ಹಳೆಯ ಬಾವಿಯಲ್ಲಿ ದ್ರವ ಒಸರುವುದಕ್ಕಿಂತ ಪಂಪಿನ ಓಟ ಹೆಚ್ಚಾದಾಗ ಪ್ಲಂಜರ್ ಖಾಲಿ ಜಾಗದಲ್ಲಿ ಇಳಿದು ದ್ರವದ ಮೇಲೆ ಬಡಿಯುತ್ತದೆ. ರಾಡ್ ಮುರಿಯುವುದಕ್ಕೆ ಬಹಳ ಸಲ ಕಾರಣ ಇದೇ. ವೇಗ ಇಳಿಸಿದರೆ ಎಣ್ಣೆ ಅಷ್ಟೇ ಬರುತ್ತದೆ, ರಾಡ್ ಬಾಳುತ್ತದೆ, ರಿಗ್ ಕರೆಯುವ ಖರ್ಚು ಉಳಿಯುತ್ತದೆ. ಇದರ ವಿರುದ್ಧವೂ ಉಂಟು: ಶಬ್ದದಲೆ ಬಿಟ್ಟು ದ್ರವದ ಮಟ್ಟ ಅಳೆದರೆ ಕೆಲವು ಬಾವಿಗಳಲ್ಲಿ ಅದು ಬಹಳ ಮೇಲೆ ನಿಂತಿರುತ್ತದೆ, ಬಾವಿ ಇನ್ನೂ ಕೊಡಬಲ್ಲದು, ಪಂಪ್ ಚಿಕ್ಕದು. ಯಾವ ಸಂಶೋಧನಾ ಯೋಜನೆಯೂ ಇಲ್ಲದೆ ಸಿಗುವ ಎಣ್ಣೆ ಇದು.

ಗುಜರಾತಿನ ಹಲವು ಬಾವಿಗಳ ಎಣ್ಣೆಯಲ್ಲಿ ಮೇಣ ಜಾಸ್ತಿ. ಮೇಲೆ ಬರುತ್ತ ತಣಿದಂತೆ ಕೊಳವೆಯ ಒಳಗೋಡೆಗೆ ಅಂಟಿ ದಾರಿ ಕಿರಿದಾಗುತ್ತದೆ. ಬಿಸಿ ಎಣ್ಣೆ ಸುತ್ತಿಸುವುದು, ಕೆರೆಯುವುದು ಹಳೆಯ ಉಪಾಯಗಳು. ಮೇಣ ತಿನ್ನುವ ಸೂಕ್ಷ್ಮಾಣುಗಳನ್ನು ಬಾವಿಗೆ ಬಿಡುವ ವಿಧಾನವನ್ನು ಟೆರಿ ಸಂಸ್ಥೆ ಅಭಿವೃದ್ಧಿಪಡಿಸಿ ಒಎನ್‌ಜಿಸಿ ಜೊತೆ ಇಂಥ ಕೆಲಸಗಳಿಗಾಗಿ ಒಂದು ಕಂಪನಿ ಕಟ್ಟಿತು. ಹೊಂದುವ ಬಾವಿಯಲ್ಲಿ ಅದು ಒಳ್ಳೆಯ ಕೆಲಸ ಮಾಡುತ್ತದೆ, ತಳದ ಉಷ್ಣತೆ ಮತ್ತು ಉಪ್ಪಿನಂಶ ನೋಡಿ ಆರಿಸಬೇಕು ಅಷ್ಟೇ.

5. ಹಳೆಯ ಕಡತದಲ್ಲಿ ಬಾವಿಗಳಿವೆ

ಮುಚ್ಚಿದ ಬಾವಿಯ ಕಡತವನ್ನು ಮೊದಲ ಪುಟದಿಂದ ಓದಿ. ಕೊರೆಯುವಾಗ ಮೇಲೆ ಬರುವ ಕೆಸರಿನಲ್ಲಿ ಎಣ್ಣೆಯ ಸುಳಿವು ಕಂಡ ಆಳ, ಆಗ ಪರೀಕ್ಷಿಸದೆ ಬಿಟ್ಟ ಪದರ, ಅರ್ಧಕ್ಕೆ ನಿಂತ ಕೆಲಸ ಎಲ್ಲವೂ ಅದರಲ್ಲಿರುತ್ತವೆ. ಜೇಡಿ ಬೆರೆತ ಮರಳುಗಲ್ಲಿನಲ್ಲಿ ವಿದ್ಯುತ್ ಲಾಗಿನ ರೋಧ ಕಡಿಮೆ ಕಾಣುವುದರಿಂದ ಹಿಂದಿನವರು ಅದನ್ನು ನೀರಿನ ಪದರವೆಂದು ಬರೆದು ಮುಂದೆ ಹೋಗಿರುವುದುಂಟು. ಜೇಡಿ ಹಿಡಿದಿಟ್ಟ ನೀರು ವಿದ್ಯುತ್ತನ್ನು ಸಲೀಸಾಗಿ ಹಾಯಿಸುತ್ತದೆ, ಎಣ್ಣೆ ಅದರ ನೆರಳಲ್ಲಿ ಅಡಗುತ್ತದೆ. ಈಗ ಕೇಸಿಂಗ್‌ನ ಹೊರಗಿರುವುದನ್ನು ಒಳಗಿನಿಂದಲೇ ಅಳೆಯುವ ಉಪಕರಣಗಳಿವೆ. ಹೊಸ ಬಾವಿಗೆ ಕೋಟಿಗಟ್ಟಲೆ ಸುರಿಯುವ ಮುಂಚೆ ಹಳೆಯ ಬಾವಿಯಲ್ಲೇ ಇನ್ನೊಂದು ಆಳದಲ್ಲಿ ತೂತು ಹೊಡೆದು ನೋಡಬೇಕು.

6. ಗ್ಯಾಸ್ ಬಾವಿಯ ಲೆಕ್ಕ ಬೇರೆ

ಗ್ಯಾಸ್ ತಾನೇ ಹಿಗ್ಗಿ ಹೊರಬರುವುದರಿಂದ ಎಣ್ಣೆಗಿಂತ ಹೆಚ್ಚು ಪಾಲು ಸಿಗುತ್ತದೆ. ಸ್ಥೂಲವಾಗಿ ನೋಡಿ: 200 ಬಾರ್ ಒತ್ತಡದಿಂದ ಶುರುವಾದ, ನೀರಿನ ಒತ್ತಾಸೆಯಿಲ್ಲದ ಕ್ಷೇತ್ರವನ್ನು 40 ಬಾರ್‌ನಲ್ಲಿ ಕೈಬಿಟ್ಟರೆ ಸುಮಾರು ಶೇ. 80 ತೆಗೆದಂತಾಯಿತು. ಕಂಪ್ರೆಸರ್ ಕೂರಿಸಿ 15 ಬಾರ್‌ವರೆಗೆ ಎಳೆದರೆ ಶೇ. 92ರ ಆಸುಪಾಸು ತಲಪಬಹುದು. ಹಳೆಯ ಗ್ಯಾಸ್ ಕ್ಷೇತ್ರಕ್ಕೆ ಕಂಪ್ರೆಸರ್‌ಗಿಂತ ದೊಡ್ಡ ಉಪಕಾರಿ ಇಲ್ಲ.

ಅಲ್ಲಿಯವರೆಗೆ ಬಾವಿಯನ್ನು ಉಸಿರಾಡಿಸುವುದೇ ಕಷ್ಟ. ಒತ್ತಡ ಇಳಿದಂತೆ ಗ್ಯಾಸಿನ ವೇಗ ತಗ್ಗಿ, ಜೊತೆಗೆ ಬರುವ ನೀರಿನ ಹನಿಗಳನ್ನು ಮೇಲಕ್ಕೆ ಒಯ್ಯಲಾರದೆ ಹೋಗುತ್ತದೆ. ನೀರು ತಳದಲ್ಲಿ ಕೂತು ಅದರ ಭಾರಕ್ಕೆ ಬಾವಿ ಸಾಯುತ್ತದೆ. ಹನಿ ಮೇಲೇರಲು ಬೇಕಾದ ಕನಿಷ್ಠ ವೇಗದ ಸೂತ್ರವನ್ನು ಟರ್ನರ್ ಮತ್ತು ಸಂಗಡಿಗರು 1969ರಲ್ಲಿ ಕೊಟ್ಟರು, ಇಂದಿಗೂ ನಾವು ಅದನ್ನೇ ಬಳಸುತ್ತೇವೆ. ಕಿರಿದಾದ ಕೊಳವೆ ಇಳಿಸಿ ವೇಗ ಹೆಚ್ಚಿಸಬಹುದು, ಸೋಪಿನ ಕಡ್ಡಿ ಹಾಕಿ ನೀರನ್ನು ನೊರೆ ಮಾಡಿ ಹಗುರಾಗಿಸಬಹುದು, ಪ್ಲಂಜರ್ ಬಿಟ್ಟು ಆಗಾಗ ನೀರನ್ನು ಮೇಲೆ ತಳ್ಳಿಸಬಹುದು. ದಿನದ ಹರಿವು ಮೆಟ್ಟಿಲುಮೆಟ್ಟಿಲಾಗಿ ಕುಸಿಯುವುದು, ಕೊಳವೆಯ ಒತ್ತಡಕ್ಕೂ ಕೇಸಿಂಗ್ ಒತ್ತಡಕ್ಕೂ ಅಂತರ ಹೆಚ್ಚುವುದು ಮೊದಲ ಲಕ್ಷಣಗಳು. ಆಗಲೇ ಕೈಹಾಕಿದರೆ ಬಾವಿ ಉಳಿಯುತ್ತದೆ. ಸತ್ತ ಮೇಲೆ ಎಬ್ಬಿಸುವುದಕ್ಕೆ ನೈಟ್ರೋಜನ್ ಮತ್ತು ಕಾಯಿಲ್ಡ್ ಟ್ಯೂಬಿಂಗ್ ಬೇಕಾಗುತ್ತವೆ.

ಇನ್ನೊಂದು ಎಚ್ಚರಿಕೆ. ನೆದರ್ಲೆಂಡ್ಸ್‌ನ ಗ್ರೊನಿಂಗನ್ ಯುರೋಪಿನ ಅತಿ ದೊಡ್ಡ ಗ್ಯಾಸ್ ಕ್ಷೇತ್ರಗಳಲ್ಲೊಂದು. ಅಲ್ಲಿ ಇನ್ನೂ ಸಾಕಷ್ಟು ಗ್ಯಾಸ್ ಇರುವಾಗಲೇ 2023ರ ಅಕ್ಟೋಬರಿನಲ್ಲಿ ಉತ್ಪಾದನೆ ನಿಲ್ಲಿಸಿದರು. ಒತ್ತಡ ಇಳಿದು ನೆಲ ಅದುರಿ ಮನೆಗಳು ಬಿರುಕು ಬಿಟ್ಟಿದ್ದವು. ಮೇಲೆ ವಾಸಿಸುವವರ ಮನೆ ಮುಖ್ಯ. ಅವರ ತೀರ್ಮಾನ ಸರಿ ಎಂದೇ ನಾನು ನಂಬುತ್ತೇನೆ.

7. ಬಾಲೋಲ್‌ನ ಬೆಂಕಿಯಿಂದ ಕಲಿತದ್ದು

ಮೆಹ್ಸಾಣಾ ಬಳಿಯ ಬಾಲೋಲ್ ಮತ್ತು ಸಾಂಥಾಲ್‌ನ ಎಣ್ಣೆ ಮಂದ, ಕಲ್ಲಿನೊಳಗಿನ ಬಿಸಿಯಲ್ಲೂ ಕಷ್ಟಪಟ್ಟು ಹರಿಯುವಂಥದ್ದು. ಕೆಳಗಿನಿಂದ ನೀರಿನ ಬಲವಾದ ಒತ್ತಾಸೆ ಬೇರೆ. ಮಂದ ಎಣ್ಣೆ ನಿಂತಲ್ಲೇ ನಿಲ್ಲುತ್ತದೆ, ನೀರು ಅದನ್ನು ದಾಟಿ ಬಾವಿಗೆ ಬರುತ್ತದೆ. ಬಾಲೋಲ್‌ನಲ್ಲಿ ಸಹಜವಾಗಿ ಬರುವ ಪಾಲು ಶೇ. 15ನ್ನೂ ಮುಟ್ಟದು ಎಂಬ ಅಂದಾಜಿತ್ತು. ಕ್ಯಾಲಿಫೋರ್ನಿಯಾದ ಕರ್ನ್ ರಿವರ್‌ನಲ್ಲಿ 1960ರ ದಶಕದಿಂದ ಹಬೆ ಬಿಟ್ಟು ಮಂದ ಎಣ್ಣೆ ತೆಗೆಯುತ್ತಾರೆ, ಆದರೆ ಅಲ್ಲಿ ಆಳ ಕಡಿಮೆ. ಬಾಲೋಲ್‌ನಲ್ಲಿ ಎಣ್ಣೆ ಇರುವುದು ಸುಮಾರು 1,000 ಮೀಟರ್ ಕೆಳಗೆ. ಅಲ್ಲಿಗೆ ಇಳಿಯುವಷ್ಟರಲ್ಲಿ ಹಬೆಯ ಶಾಖ ದಾರಿಯಲ್ಲೇ ಸೋರಿಹೋಗುತ್ತದೆ. ಹಾಗಾಗಿ ಶಾಖವನ್ನು ಕೆಳಗೇ ಹುಟ್ಟಿಸುವ ದಾರಿ ಹಿಡಿದರು. ಗಾಳಿಯನ್ನು ಭಾರೀ ಒತ್ತಡದಲ್ಲಿ ಇಳಿಸಿ ಕಲ್ಲಿನೊಳಗೇ ಬೆಂಕಿ ಹೊತ್ತಿಸುವುದು. ಎಣ್ಣೆಯ ಒಂದು ಸಣ್ಣ ಪಾಲು ಕೋಕ್ ಆಗಿ ಉರಿಯುತ್ತದೆ, ಮುಂದಿನ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ಹುಟ್ಟಿದ ಹಬೆ ಮತ್ತು ಇಂಗಾಲದ ಡೈಆಕ್ಸೈಡ್ ಅದನ್ನು ಬಾವಿಗಳತ್ತ ತಳ್ಳುತ್ತವೆ. 1990ರಲ್ಲಿ ಬಾಲೋಲ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಈ ಕೆಲಸ 1997ರಲ್ಲಿ ಎರಡೂ ಕ್ಷೇತ್ರಗಳಲ್ಲಿ ವಾಣಿಜ್ಯ ಪ್ರಮಾಣಕ್ಕೆ ಬಂತು. ಜಗತ್ತಿನಲ್ಲಿ ಹೀಗೆ ದೊಡ್ಡದಾಗಿ ನಡೆದ ಕೆಲವೇ ಯೋಜನೆಗಳಲ್ಲಿ ಇವೂ ಸೇರಿವೆ, ಮತ್ತು ಇದು ನಮ್ಮ ದೇಶದ ಎಂಜಿನಿಯರ್‌ಗಳು ಹೆಮ್ಮೆಪಡಬೇಕಾದ ಕೆಲಸ.

ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ನೋಡುವುದು ಉತ್ಪಾದನಾ ಬಾವಿಗಳಿಂದ ಬರುವ ಗ್ಯಾಸಿನ ವಿಶ್ಲೇಷಣೆಯಲ್ಲಿ. ಇಂಗಾಲದ ಡೈಆಕ್ಸೈಡ್ ಚೆನ್ನಾಗಿದ್ದು ಆಮ್ಲಜನಕ ಇಲ್ಲವೆನ್ನುವಷ್ಟಿದ್ದರೆ ಉರಿ ಸರಿಯಾಗಿದೆ. ಆಮ್ಲಜನಕ ಏರತೊಡಗಿದರೆ ಗಾಳಿ ಉರಿಯದೆ ಸೀಳಿಕೊಂಡು ಬರುತ್ತಿದೆ. ಎಣ್ಣೆಯ ಆವಿಯೊಡನೆ ಅದು ಬೆರೆಯುವುದೆಂದರೆ ಸ್ಫೋಟದ ಸಿದ್ಧತೆ. ಆ ಬಾವಿಯನ್ನು ಯಾರ ಅನುಮತಿಗೂ ಕಾಯದೆ ಮುಚ್ಚುವ ಅಧಿಕಾರ ಪಾಳಿಯಲ್ಲಿರುವ ಆಪರೇಟರ್‌ಗೇ ಇರಬೇಕು. ಕಂಪ್ರೆಸರ್ ನಿಂತರೆ ಇಂಜೆಕ್ಷನ್ ಬಾವಿಯೊಳಗೆ ಎಣ್ಣೆ ಹಿಮ್ಮುಖವಾಗಿ ನುಗ್ಗದಂತೆ ತಕ್ಷಣ ನೀರು ಬಿಡಬೇಕು. ಗಾಳಿ ಮತ್ತೆ ಬಂದಾಗ ಅಲ್ಲಿ ಎಣ್ಣೆ ಇದ್ದರೆ ಬಾವಿಯೇ ಸಿಡಿಯುತ್ತದೆ. ವಿದ್ಯುತ್ ಸರಬರಾಜು, ಕಂಪ್ರೆಸರ್‌ನ ಲೂಬ್ರಿಕೆಂಟ್, ಕೊಳವೆಯ ತುಕ್ಕು ಇಂಥ ಬೇಸರದ ಸಂಗತಿಗಳ ಮೇಲೆಯೇ ಈ ದೊಡ್ಡ ವಿಜ್ಞಾನ ನಿಂತಿದೆ. ಬೆಂಕಿಗೆ ಗಾಳಿ ತಪ್ಪಿಸಿ ವಾರಗಟ್ಟಲೆ ಬಿಟ್ಟರೆ ಆರುತ್ತದೆ, ಮತ್ತೆ ಹೊತ್ತಿಸುವುದು ಸುಲಭವಲ್ಲ. ಆದ್ದರಿಂದ ಇಂಥ ಯೋಜನೆಗೆ ಕೈಹಾಕುವಾಗ ಹತ್ತು ವರ್ಷದ ನಿರ್ವಹಣೆಯ ಹಣವನ್ನು ಮೊದಲೇ ಮಂಜೂರು ಮಾಡಿಸಿಕೊಳ್ಳಿ. ವರ್ಷ ವರ್ಷದ ಬಜೆಟ್ಟಿನಲ್ಲಿ ಬೆಂಕಿ ಉರಿಯುವುದಿಲ್ಲ.

8. ರಸಾಯನಕ್ಕೆ ಮುಪ್ಪಿನವರೆಗೆ ಕಾಯಬೇಡಿ

ಎಣ್ಣೆ ನೀರಿಗಿಂತ ಮಂದವಾಗಿದ್ದರೆ ನೀರು ಬೆರಳುಬೆರಳಾಗಿ ಅದನ್ನು ಸೀಳಿ ಮುಂದೆ ಹೋಗುತ್ತದೆ. ನೀರಿಗೆ ಪಾಲಿಮರ್ ಬೆರೆಸಿ ಗಟ್ಟಿ ಮಾಡಿದರೆ ಸಾಲಾಗಿ ತಳ್ಳುತ್ತದೆ. ಗುಜರಾತಿನ ಸಾಣಂದ್‌ನಲ್ಲಿ 1985ರಲ್ಲೇ ಇದರ ಪ್ರಯೋಗ ಆರಂಭವಾಗಿತ್ತು. ರಾಜಸ್ಥಾನದ ಬಾರ್ಮೇರ್‌ನ ಮಂಗಳಾ ಕ್ಷೇತ್ರದ್ದು ಇನ್ನೂ ಒಳ್ಳೆಯ ಪಾಠ. 2004ರಲ್ಲಿ ಸಿಕ್ಕ ಆ ಕ್ಷೇತ್ರದಲ್ಲಿ 2009ರ ಆಗಸ್ಟ್‌ನಲ್ಲಿ ಉತ್ಪಾದನೆ ಶುರುವಾಯಿತು. ಮೇಣದ ಎಣ್ಣೆ ಕಲ್ಲಿನಲ್ಲೇ ಹೆಪ್ಪುಗಟ್ಟದಿರಲಿ ಎಂದು ಬಿಸಿನೀರು ತುಂಬಿದರು. ಕ್ಷೇತ್ರ ಎಳೆಯದಿರುವಾಗಲೇ, ಆರಂಭವಾಗಿ ಐದಾರು ವರ್ಷದಲ್ಲಿ, ಪಾಲಿಮರ್ ದೊಡ್ಡ ಪ್ರಮಾಣದಲ್ಲಿ ಒತ್ತತೊಡಗಿದರು. ನೀರು ಇಡೀ ಕಲ್ಲನ್ನು ತೊಳೆದು ಕಾಲುವೆಗಳನ್ನು ಕೊರೆದ ಮೇಲೆ ಪಾಲಿಮರ್ ತಂದರೆ ಅದರ ಅರ್ಧ ಶಕ್ತಿ ಆ ಕಾಲುವೆ ಮುಚ್ಚುವುದರಲ್ಲೇ ಮುಗಿಯುತ್ತದೆ.

ಪಾಲಿಮರ್ ನಾಜೂಕಿನ ವಸ್ತು. ಕಿರಿದಾದ ವಾಲ್ವಿನಲ್ಲಿ ರಭಸದಿಂದ ಹಾಯಿಸಿದರೆ ಅದರ ಉದ್ದ ಸರಪಳಿ ತುಂಡಾಗಿ ಬರಿ ನೀರಾಗುತ್ತದೆ; ಉಪ್ಪು, ಕಬ್ಬಿಣ, ಆಮ್ಲಜನಕ ಮೂರೂ ಅದನ್ನು ಕೆಡಿಸುತ್ತವೆ. ಉತ್ಪಾದನೆಯಲ್ಲಿ ಮರಳಿ ಬಂದಾಗ ಎಣ್ಣೆ, ನೀರು ಬೇರ್ಪಡದಂತೆ ಕಾಟ ಕೊಡುತ್ತದೆ. ಪ್ರಯೋಗಾಲಯದ ಅಂಕಿಯನ್ನು ನೋಡದೆ, ಇಂಜೆಕ್ಷನ್ ಬಾವಿಯ ತಲೆಯಲ್ಲಿ ಮಾದರಿ ತೆಗೆದು ಸ್ನಿಗ್ಧತೆ ಅಳೆಯಿರಿ.

ಇಂಗಾಲದ ಡೈಆಕ್ಸೈಡ್ ತುಂಬುವ ವಿಧಾನ ಹಗುರ ಎಣ್ಣೆಗೆ ಚೆನ್ನ. ಕೆನಡಾದ ವೇಬರ್ನ್ ಕ್ಷೇತ್ರಕ್ಕೆ 2000ದಿಂದ ಅಮೆರಿಕದ ಕಲ್ಲಿದ್ದಲು ಕಾರ್ಖಾನೆಯೊಂದರ ಇಂಗಾಲದ ಡೈಆಕ್ಸೈಡ್ ಕೊಳವೆಯಲ್ಲಿ ಬರುತ್ತಿದೆ; ಎಣ್ಣೆ ಹೊರಬರುತ್ತದೆ, ಅನಿಲದ ಬಹುಪಾಲು ಕೆಳಗೇ ಉಳಿಯುತ್ತದೆ. ಕೊಯಾಲಿ ರಿಫೈನರಿಯ ಅನಿಲವನ್ನು ಗಾಂಧಾರ್ ಕ್ಷೇತ್ರಕ್ಕೆ ಒಯ್ಯುವ ಬಗ್ಗೆ 2019ರಲ್ಲಿ ಒಎನ್‌ಜಿಸಿ, ಇಂಡಿಯನ್ ಆಯಿಲ್ ನಡುವೆ ಒಪ್ಪಂದಪತ್ರ ಆಯಿತು. ಮೂಲವೂ ಕ್ಷೇತ್ರವೂ ಒಂದೇ ರಾಜ್ಯದಲ್ಲಿರುವ ಇಂಥ ಅವಕಾಶವನ್ನು ನಾವು ಬಿಡಬಾರದು.

9. ನೀತಿ ಮತ್ತು ಹಣ

2018ರಲ್ಲಿ ಕೇಂದ್ರ ಸಂಪುಟ ಒಪ್ಪಿದ ವರ್ಧಿತ ಉತ್ಪಾದನಾ ನೀತಿ ಪ್ರತಿ ಕ್ಷೇತ್ರದ ಸಾಧ್ಯತೆಯನ್ನೂ ಪರಿಶೀಲಿಸಬೇಕೆನ್ನುತ್ತದೆ, ಹೆಚ್ಚುವರಿ ಎಣ್ಣೆಗೆ ರಿಯಾಯಿತಿಯನ್ನೂ ಕೊಡುತ್ತದೆ. 2025ರಲ್ಲಿ ಮುಂಬೈ ಹೈಗೆ ತಾಂತ್ರಿಕ ಸೇವೆ ಕೊಡಲು ಬಿಪಿ ಕಂಪನಿಯನ್ನು ಆರಿಸಿದರು. ಎರಡೂ ಸ್ವಾಗತಾರ್ಹ. ಆದರೆ ಹೊರಗಿನವರು ಬಂದಾಗ ಅವರ ಕೈಗೆ ಕೊಡಲು ನಮ್ಮಲ್ಲಿ ಸರಿಯಾದ ಬಾವಿ ಪರೀಕ್ಷೆ, ಒತ್ತಡದ ದಾಖಲೆ, ಪದರವಾರು ಲೆಕ್ಕ ಇರಬೇಕು. ಮೊದಲ ಪಾಠಕ್ಕೇ ಬಂದೆ, ಬೇರೆ ದಾರಿ ಇಲ್ಲ.

10. ಬಾವಿಯ ಬಳಿ ಇರುವವರನ್ನು ಕೇಳಿ

ಪಂಪಿನ ಸದ್ದು ಬದಲಾದದ್ದನ್ನು ಮೊದಲು ಕೇಳುವವರು ಆಪರೇಟರ್‌ಗಳು. ಯಾವ ಬಾವಿ ಚಳಿಗಾಲದಲ್ಲಿ ಮೇಣ ಕಟ್ಟುತ್ತದೆ, ಯಾವುದು ಗ್ಯಾಸ್ ಹೆಚ್ಚು ಬಿಟ್ಟರೆ ಮುನಿಸಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು, ಕಂಪ್ಯೂಟರಿನಲ್ಲಿಲ್ಲ. ಅವರು ನಿವೃತ್ತರಾಗುವ ಮೊದಲು ಪ್ರತಿ ಬಾವಿಯ ಬಗ್ಗೆ ಎರಡು ಪುಟ ಅವರಿಂದ ಬರೆಸಿಕೊಳ್ಳಿ, ಅವರ ಹೆಸರಿನೊಂದಿಗೆ. ಸುತ್ತಲಿನ ಹೊಲದವರೊಂದಿಗೆ ಸಂಬಂಧ ಚೆನ್ನಾಗಿರಲಿ. ಕೊಳವೆ ಸೋರಿ ಬೆಳೆ ಸುಟ್ಟರೆ ಪರಿಹಾರ ತಡಮಾಡಬಾರದು.

11. ಮುಚ್ಚುವುದೂ ನಮ್ಮ ಕೆಲಸ

ಎಲ್ಲ ಬಾವಿಯನ್ನೂ ಉಳಿಸಲಾಗದು. ಆದರೆ ಮುಚ್ಚುವ ಮುನ್ನ ಒಂದು ಪರೀಕ್ಷೆ ಬಾಕಿ ಇರುತ್ತದೆ. ಓರೆಯಾದ ಪದರದಲ್ಲಿ ನೀರು ಬಂತೆಂದು ವರ್ಷಗಟ್ಟಲೆ ನಿಲ್ಲಿಸಿದ ಬಾವಿಯ ಸುತ್ತ ಎಣ್ಣೆ ನಿಧಾನವಾಗಿ ನೀರಿನಿಂದ ಬೇರೆಯಾಗಿ ಮೇಲಿನ ತುದಿಗೆ ಸೇರಿಕೊಳ್ಳಬಲ್ಲದು. ಮತ್ತೆ ತೆರೆದಾಗ ಕೆಲವು ತಿಂಗಳು ಒಳ್ಳೆಯ ಎಣ್ಣೆ ಬರುವುದುಂಟು. ಮೇಲ್ತುದಿಯ ಬಾವಿಗಳನ್ನು ಹೀಗೆ ಸರದಿಯಲ್ಲಿ ನಿಲ್ಲಿಸಿ ಓಡಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಅದೂ ಫಲಿಸದಿದ್ದರೆ ಸಿಮೆಂಟ್ ಪ್ಲಗ್‌ಗಳನ್ನು ಹಾಕಿ, ಪ್ರತಿಯೊಂದನ್ನೂ ಒತ್ತಡದಲ್ಲಿ ಪರೀಕ್ಷಿಸಿ, ಮೀಥೇನ್ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಭೂಮಿಯನ್ನು ಹಿಂದಿರುಗಿಸಬೇಕು. ಕಡಲಿನಲ್ಲಿ ಇದು ಬಹಳ ದುಬಾರಿ. ಮುಂಬೈ ತೀರದಾಚೆಯ ಮಧ್ಯ ಮತ್ತು ದಕ್ಷಿಣ ತಾಪ್ತಿಯ ಸ್ಥಾವರಗಳನ್ನು ಕಳಚಿ ತೆಗೆದದ್ದು ಭಾರತದ ಕಡಲಿನಲ್ಲಿ ಆ ಬಗೆಯ ಮೊದಲ ಕೆಲಸ. ಮುಂದೆ ಇಂಥವು ಹಲವಿವೆ, ಅದರ ಹಣವನ್ನು ಬಾವಿ ಎಣ್ಣೆ ಕೊಡುತ್ತಿರುವಾಗಲೇ ಪ್ರತಿ ಪೀಪಾಯಿಯಿಂದ ತೆಗೆದಿಡಬೇಕು.